ಬಾಯಿ ನೋಡುವವರಿಲ್ಲದ ವರ್ಷ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇದನ್ನು ನಾನು ಕಲಿತದ್ದು ಮದುವೆಯಾಗಿ ಆಂಧ್ರದ ಗಡಿಯ ಹಿಂದೂಪುರಕ್ಕೆ ಬಂದ ಮೇಲೆ. ನಾನು ಓದಿದ ಕಾನ್ವೆಂಟಿನಲ್ಲಿ ಊಟದ ಹೊತ್ತಿಗೆ ಸಿಸ್ಟರ್ ಒಬ್ಬರು ಬೆಂಚುಗಳ ನಡುವೆ ಓಡಾಡುತ್ತ, ತುಟಿ ಮುಚ್ಚಿ ಅಗಿಯಿರಿ, ನಿಧಾನವಾಗಿ ಅಗಿಯಿರಿ ಎಂದು ಹೇಳುತ್ತಿದ್ದರು. ಆ ಅಭ್ಯಾಸ ಮೈಗೆ ಹತ್ತಿತ್ತು. ಗಂಡನ ಮನೆಯಲ್ಲಿ ಮೊದಲ ಸಲ ಊಟಕ್ಕೆ ಕೂತ ದಿನ ನನ್ನ ದವಡೆ ಆಡುವುದನ್ನು ನೋಡಿ ವದಿನಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟರು.

“ಏನಮ್ಮ ಕಾನ್ವೆಂಟಮ್ಮ, ಮುದ್ದೇನ ಯಾರಾನ ಅಗೀತಾರಾ? ಮುರ್ಕೋ, ಸಾರಲ್ಲಿ ಅದ್ದು, ಗುಳುಕ್ ಅಂತ ಇಳಿಸ್ಬುಡು. ಹಲ್ಲಿಗೆ ಸುದ್ದಿನೇ ಮುಟ್ಬಾರ್ದು.”

ವದಿನಮ್ಮ ಎಂದರೆ ನನ್ನ ಗಂಡನ ಅಕ್ಕ. ಕರೆಯುವುದು ತೆಲುಗಿನಲ್ಲಿ, ಮಾತಾಡುವುದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಎಲ್ಲ ನಂಟಸ್ತಿಕೆಯೂ ಹೀಗೆಯೇ. ಅವರಿದ್ದದ್ದು ಕಲ್ಯಾಣದುರ್ಗದಲ್ಲಿ. ಯಜಮಾನರು ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಟಿಫಿನ್ ಹೋಟೆಲು ಇಟ್ಟುಕೊಂಡಿದ್ದರು. ಮಕ್ಕಳಿರಲಿಲ್ಲ. ಇಡ್ಲಿ ಚೆನ್ನಾಗಿಯೇ ಇರುತ್ತಿತ್ತು, ಆದರೆ ಗಿರಾಕಿಗಳು ಇಡ್ಲಿಗಿಂತ ಅವರ ಮಾತಿಗೆ ಬರುತ್ತಿದ್ದರು ಅನ್ನಿಸುತ್ತದೆ. ಬಸ್ಸು ತಡವಾಗಿ ಬಂದರೆ ಒಲೆಯ ಹಿಂದಿನಿಂದಲೇ ಡ್ರೈವರನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೈಸಿಕೊಂಡ ಡ್ರೈವರು ಇನ್ನೊಂದು ಪ್ಲೇಟು ತೆಗೆದುಕೊಳ್ಳುತ್ತಿದ್ದ.

ಕೊರೋನಾ ಬಂದ ವರ್ಷ ಯುಗಾದಿಗೆಂದು ಅವರು ನಮ್ಮಲ್ಲಿಗೆ ಬಂದರು. ಹಬ್ಬದ ಹೊತ್ತಿಗೆ ಬಸ್ಸು ನಿಂತವು, ರೈಲು ನಿಂತವು. ನಮ್ಮೂರಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡಿದ್ದರಿಂದ ಬೀದಿಯ ಎರಡೂ ಬಾಯಿಗೆ ಬಿದಿರು ಗಳ ಕಟ್ಟಿ ರೆಡ್ ಝೋನ್ ಎಂದರು. ನನ್ನ ಗಂಡ ಹುಣಸೆ ಮಂಡಿಯಲ್ಲಿ ಕಮಿಷನ್ ವ್ಯಾಪಾರ ಮಾಡುವವರು. ಹುಣಸೆಯ ಕಾಲ ಅದು. ಮಂಡಿ ಮುಚ್ಚಿದ್ದರಿಂದ ಒಂದಷ್ಟು ಮೂಟೆಗಳು ನಮ್ಮ ನಡುಮನೆಗೇ ಬಂದವು. ಮನೆಯೆಲ್ಲ ಹುಳಿವಾಸನೆ. ನಾವು ಮೂವರು ಆ ಮೂಟೆಗಳಿಗೆ ಒರಗಿಕೊಂಡು ಟಿವಿ ನೋಡುತ್ತಿದ್ದೆವು.

ಮೂವರೇ ಇಡೀ ದಿನ ಒಂದು ಮನೆಯೊಳಗಿದ್ದರೆ ಚಿಕ್ಕ ಚಿಕ್ಕ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ವದಿನಮ್ಮ ಸಾರಿಗೆ ಹುಳಿ ಕಡಿಮೆ ಹಾಕು ಅನ್ನತೊಡಗಿದ್ದರು. ಸಂಜೆ ಹುರಿದ ಕಡಲೆಕಾಯಿ ಕೊಟ್ಟರೆ ಕುಟ್ಟಾಣಿಗೆ ಹಾಕಿ ಪುಡಿ ಮಾಡಿ, ಬೆಲ್ಲ ಸೇರಿಸಿ ತಿನ್ನುತ್ತಿದ್ದರು. ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು. ಲೋಟವನ್ನು ತುಟಿಯ ಬಲಗಡೆಗೇ ಇಟ್ಟು ಕುಡಿಯುತ್ತಿದ್ದರು. ಮೆಣಸು ಶುಂಠಿಯ ಕಷಾಯವನ್ನು ಆಗ ಎಲ್ಲರ ಮನೆಯಲ್ಲೂ ಕುದಿಸುತ್ತಿದ್ದರು. ಅವರು ಒಂದು ಗುಟುಕು ಬಾಯಿಗಿಟ್ಟು ಸಿಂಕಿಗೆ ಉಗಿದರು.

“ಅಕ್ಕಾ, ಊರೆಲ್ಲ ಕುಡೀತೈತೆ. ನಿಂಗೊಬ್ಳಿಗೆ ಉರಿನಾ?” ಎಂದು ನನ್ನ ಗಂಡ ಗದರಿಸಿದರು.

“ಊರು ಕುಡ್ಕೊಂಡು ಬದುಕ್ಲಿ ಕಣ್ಲಾ. ಸುಣ್ಣ ಜಾಸ್ತಿ ಹಾಕ್ಕೊಂಡು ಬಾಯಿ ಸುಟ್ಕೊಂಡ್ಬುಟ್ಟಿದೀನಿ. ಅದು ಮಾಯ್ಲಿ, ಆಮೇಲೆ ನಿನ್ ಕಷಾಯದಲ್ಲಿ ಸ್ನಾನನೇ ಮಾಡ್ತೀನಿ.”

ಅದನ್ನು ನಾವು ನಂಬದಿರಲು ಕಾರಣವಿರಲಿಲ್ಲ. ಎಲೆ, ಅಡಿಕೆ, ಹೊಗೆಸೊಪ್ಪು ಅವರಿಗೆ ಮದುವೆಗೆ ಮುಂಚಿನಿಂದ ಅಭ್ಯಾಸ. ಅಂಗಡಿಗಳು ಮುಚ್ಚಿ ಎಲೆ ಸಿಗದೆ ಹೋದಾಗ ಬರೀ ಹೊಗೆಸೊಪ್ಪಿಗೆ ಸುಣ್ಣ ತೀಡಿ ದವಡೆಗೆ ಇಟ್ಟುಕೊಳ್ಳುತ್ತಿದ್ದರು. ಸುಣ್ಣ ಬಾಯಿ ಸುಡುವುದು ಎಲೆ ಹಾಕುವವರಿಗೆಲ್ಲ ಗೊತ್ತಿರುವ ವಿಷಯ. ತುಪ್ಪ ಸವರಿದರೆ ಮಾಯುತ್ತದೆ. ನಾನೂ ಒಂದು ಬಟ್ಟಲಲ್ಲಿ ತುಪ್ಪ ತೆಗೆದಿಟ್ಟಿದ್ದೆ. ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದರು, ಹೊಟ್ಟೆ ತುಂಬ ಉಣ್ಣುತ್ತಿದ್ದರು. ಊಟ ಸರಿಯಾಗಿರುವವರಿಗೆ ಕಾಯಿಲೆ ಇದೆಯೆಂದು ಯಾರು ಯೋಚಿಸುತ್ತಾರೆ?

ನಮ್ಮ ಬೀದಿಯಾಚೆಯ ಹಿಟ್ಟಿನ ಮಿಷನ್ನು ಒಂದು ವಾರ ಮುಚ್ಚಿತು. ಮಿಷನ್ನಿನವರ ಮನೆಯಲ್ಲಿ ಯಾರಿಗೋ ಜ್ವರವೆಂದು ಆ ಸಾಲನ್ನೂ ಬಂದ್ ಮಾಡಿದ್ದರು. ರಾಗಿ ಡಬ್ಬದಲ್ಲಿತ್ತು, ಹಿಟ್ಟಿರಲಿಲ್ಲ. ಅಂಗಡಿಯಿಂದ ತರಿಸಿದ ಗೋಧಿಹಿಟ್ಟು ಇತ್ತು. ಚಪಾತಿ ಮಾಡಿದೆ.

ವದಿನಮ್ಮ ಚಪಾತಿಯ ಒಂದು ತುಂಡನ್ನು ಬಾಯಿಗಿಟ್ಟರು. ದವಡೆ ಒಂದು ಸಲ ಆಡಿತು, ನಿಂತಿತು. ಕಣ್ಣಲ್ಲಿ ನೀರು ಬಂತು. ತುಂಡನ್ನು ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟು, ಉಳಿದದ್ದನ್ನು ಹಾಲಿಗೆ ಹಾಕಿ ಕಿವುಚತೊಡಗಿದರು. ತಟ್ಟೆಯ ಅಂಚಿನ ಆ ತುಂಡಿನಲ್ಲಿ ರಕ್ತದ ಗುರುತಿತ್ತು.

“ವದಿನಮ್ಮಾ, ಬಾಯಿ ತೆಗೀರಿ.”

“ಉಣ್ಣೋ ಹೊತ್ನಾಗೆ ಏನಮ್ಮ ನಿನ್ನ ಡಾಕ್ಟರಿಕೆ?”

“ತೆಗೀರಿ, ನೋಡ್ತೀನಿ ಅಷ್ಟೆ.”

ತೆಗೆದರು. ಪೂರ್ತಿ ತೆರೆಯಲಿಲ್ಲ, ನನ್ನ ಎರಡು ಬೆರಳು ಹೋಗುವಷ್ಟು ಮಾತ್ರ. ಫೋನಿನ ಟಾರ್ಚ್ ಹಿಡಿದು ನೋಡಿದೆ. ಎಡಗೆನ್ನೆಯ ಒಳಗೆ, ಕೊನೆಯ ಹಲ್ಲುಗಳ ಪಕ್ಕ, ಗಂಜಿ ಒಣಗಿ ಅಂಟಿದ ಹಾಗೆ ಬಿಳಿ ಚರ್ಮ. ನಡುವೆ ಹುಣಸೆಬೀಜದಷ್ಟು ಕೆಂಪು ಹುಣ್ಣು, ಅದರ ಅಂಚು ದಪ್ಪವಾಗಿ ಎದ್ದಿತ್ತು. ಸುಟ್ಟ ಗಾಯಕ್ಕೆ ಅಂಥ ಅಂಚು ಇರುವುದಿಲ್ಲ. ಎಷ್ಟು ದಿನದಿಂದ ಎಂದು ಕೇಳಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ತಿನ್ನುವಾಗಲೂ ಚುಚ್ಚಿತ್ತು ಅಂದರು. ಮುದ್ದೆ ನುಂಗುತ್ತಿದ್ದವರಿಗೆ ಅಗಿಯಲಾಗುತ್ತಿಲ್ಲ ಎಂಬುದು ಅಲ್ಲಿಯವರೆಗೆ ಅವರಿಗೂ ಸರಿಯಾಗಿ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಯಾರಿಗಾದರೂ ತೋರಿಸಬೇಕಿತ್ತು. ಆ ವರ್ಷ ಜಗತ್ತಿನಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಇನ್ನೊಬ್ಬರ ಬಾಯಿಗೆ. ಹಲ್ಲಿನ ಡಾಕ್ಟರುಗಳು ಎಲ್ಲರಿಗಿಂತ ಮೊದಲು ಬಾಗಿಲು ಹಾಕಿದ್ದರು. ಸರ್ಕಾರಿ ಆಸ್ಪತ್ರೆಯನ್ನು ಕೊರೋನಾಕ್ಕೆಂದೇ ಬಿಟ್ಟುಕೊಟ್ಟಿದ್ದರು. ಒಂದು ಖಾಸಗಿ ಕ್ಲಿನಿಕ್ಕು ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆಯುತ್ತದೆಂದು ತಿಳಿದು, ಗಳದ ಹತ್ತಿರವಿದ್ದ ಪೊಲೀಸರಿಗೆ ಹೇಳಿ ಹೋದೆವು. ಡಾಕ್ಟರ ಮೇಜಿನ ಮುಂದೆ ಸೂರಿನಿಂದ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರು. ರೋಗಿಯ ಸ್ಟೂಲಿಗೂ ಪರದೆಗೂ ನಡುವೆ ಇನ್ನೂ ಒಂದು ಬೆಂಚು ಅಡ್ಡ ಇತ್ತು. ವದಿನಮ್ಮ ಕೂತು ಮಾಸ್ಕಿಗೆ ಕೈ ಹಾಕಿದರು.

“ಅಮ್ಮಾ, ಮಾಸ್ಕ್ ತೆಗೀಬೇಡಿ,” ಎಂದರು ಡಾಕ್ಟರು.

“ಹುಣ್ಣಿರೋದು ಬಾಯೊಳಗೆ ಸ್ವಾಮಿ. ಮಾಸ್ಕ್ ತೆಗೀದೆ ಹೆಂಗ್ ತೋರಿಸ್ಲಿ, ಕಿವಿ ಒಳಗಿಂದ್ಲಾ?”

ಡಾಕ್ಟರು ನಗಲಿಲ್ಲ. ಒರಟಾಗಿ ಮಾತಾಡಲೂ ಇಲ್ಲ. ಅವರ ಮನೆಯಲ್ಲಿ ವಯಸ್ಸಾದವರಿದ್ದಾರಂತೆ. ವಿಟಮಿನ್ ಮಾತ್ರೆ, ಹಚ್ಚಲು ಒಂದು ಜೆಲ್ ಬರೆದುಕೊಟ್ಟು, ಲಾಕ್‌ಡೌನ್ ಮುಗಿದ ಮೇಲೆ ದೊಡ್ಡ ಊರಲ್ಲಿ ತೋರಿಸಿ ಅಂದರು.

ಬೆಂಗಳೂರಿನಲ್ಲಿದ್ದ ಪರಿಚಯದ ಡಾಕ್ಟರೊಬ್ಬರು ಫೋಟೋ ಕಳಿಸಿ ಅಂದರು. ಹಿತ್ತಲಿನ ಬೆಳಕಲ್ಲಿ ವದಿನಮ್ಮನನ್ನು ಕೂರಿಸಿ, ನಾನು ಚಮಚದಿಂದ ಕೆನ್ನೆ ಎಳೆದು ಹಿಡಿದೆ, ನನ್ನ ಗಂಡ ಫೋನು ಹಿಡಿದರು. ಒಂದೊಂದು ಫೋಟೋವೂ ಮಂಜಾಗಿ ಬರುತ್ತಿತ್ತು.

“ಮೊದ್ಲೇ ಹೇಳ್ಬಾರ್ದೇನ್ಲಾ, ತಲೆನಾದ್ರೂ ಬಾಚ್ಕೊಂಡ್ ಬತ್ತಿದ್ದೆ,” ಎಂದರು ವದಿನಮ್ಮ, ಚಮಚ ಬಾಯಲ್ಲಿದ್ದಂತೆಯೇ.

ಡಾಕ್ಟರು ಫೋಟೋ ನೋಡಿ ಹುಣ್ಣಿನ ತುಂಡು ತೆಗೆದು ಪರೀಕ್ಷೆ ಮಾಡಲೇಬೇಕು, ಕಾಯಬೇಡಿ ಅಂದರು. ಕಾಯಬೇಡಿ ಅನ್ನುವುದು ಸುಲಭವಾಗಿತ್ತು. ಕರ್ನಾಟಕದೊಳಕ್ಕೆ ಹೋಗಲು ಪಾಸು ಬೇಕು. ವದಿನಮ್ಮನ ಆಧಾರ್ ಕಲ್ಯಾಣದುರ್ಗದ್ದು, ಹೊರಡುವುದು ಹಿಂದೂಪುರದಿಂದ. ಎರಡೂ ಹೊಂದುವುದಿಲ್ಲವೆಂದು ಅರ್ಜಿ ತಿರುಗಿ ಬಂತು. ಮತ್ತೆ ಹಾಕಿದರೆ ಮತ್ತೆ ಬಂತು. ಪಾಸು ಫೋನಿಗೆ ಬಂದಾಗ ಮಾವಿನ ಕಾಲ ಮುಗಿಯುತ್ತಿತ್ತು.

ಬಾಡಿಗೆ ಕಾರಿನಲ್ಲಿ ಹೊರಟೆವು. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು; ಢಾಬಾಗಳೆಲ್ಲ ಮುಚ್ಚಿದ್ದವು, ಅವುಗಳ ಮುಂದೆ ಹಗ್ಗದ ಮಂಚಗಳನ್ನು ನಿಲ್ಲಿಸಿ ಗೋಡೆಗೆ ಒರಗಿಸಿದ್ದರು. ಪೊಲೀಸಿನವರೊಬ್ಬರು ಕಾರಿನ ಕಿಟಕಿಗೆ ಬಗ್ಗಿ, ಏನು ಕಾಯಿಲೆ, ನೋಡಿದರೆ ಚೆನ್ನಾಗೇ ಇದ್ದೀರಲ್ಲ ಎಂದು ಕೇಳಿದರು. ವದಿನಮ್ಮ ಮಾಸ್ಕ್ ಕೆಳಗೆಳೆದು, ಬೆರಳಿನಿಂದ ಕೆನ್ನೆ ಅಗಲಿಸಿ, “ನೋಡಪ್ಪ, ನೋಡು,” ಅಂದರು. ಪೊಲೀಸಿನವರು ಹಿಂದಕ್ಕೆ ಹಾರಿದ ರಭಸಕ್ಕೆ ಟೋಪಿ ಬಿತ್ತು.

“ಹಾಕ್ಕೊಳಮ್ಮ, ಹಾಕ್ಕೊಳಮ್ಮ! ಹೋಗಿ, ಹೋಗಿ.”

ಬಾಗೇಪಲ್ಲಿ ದಾಟುವವರೆಗೂ ವದಿನಮ್ಮ ನಗುತ್ತಿದ್ದರು. ನಗುವಾಗ ಕೆನ್ನೆ ಹಿಡಿದುಕೊಳ್ಳುತ್ತಿದ್ದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರ ಬಾಯಿಯೊಳಗೆ ಮೊದಲ ಸಲ ಒಬ್ಬ ಡಾಕ್ಟರ ಬೆರಳು ಹೋಯಿತು. ಎತ್ತರದ ಮನುಷ್ಯ, ಮುಖಕ್ಕೆ ಹಾಕಿಕೊಂಡ ಪ್ಲಾಸ್ಟಿಕ್ಕು ಉಸಿರಿಗೆ ಮಂಜಾಗುತ್ತಿತ್ತು. ತುಂಡು ತೆಗೆದರು, ಸ್ಕ್ಯಾನು ಮಾಡಿದರು. ನಂತರ ನಮ್ಮನ್ನು ಕೂರಿಸಿ ಹೇಳಿದರು: ಕ್ಯಾನ್ಸರು ಹೌದು. ಸದ್ಯಕ್ಕೆ ಕೆನ್ನೆಯಲ್ಲಷ್ಟೇ ಇದೆ, ದವಡೆಯ ಮೂಳೆಯನ್ನು ಮುಟ್ಟಿಲ್ಲ. ಈಗ ಕೊಯ್ದರೆ ಮೂಳೆ ಉಳಿಯುತ್ತದೆ, ಮಾತು ಉಳಿಯುತ್ತದೆ. ಮುಂದಿನ ತಿಂಗಳ ಮೊದಲ ವಾರಕ್ಕೆ ಆಪರೇಷನ್ ತಾರೀಕು ಕೊಟ್ಟರು. ವದಿನಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಆಮ್ಯಾಕೆ ಬಯ್ಯಕ್ಕೆ ಬತ್ತದಾ?” ಡಾಕ್ಟರು ಬರುತ್ತದೆ ಅಂದರು.

ಆಪರೇಷನ್ನಿಗೆ ಮೊದಲು ಹೋಟೆಲಿನ ಸಾಮಾನು ನೋಡಿಬರಬೇಕೆಂದು ವದಿನಮ್ಮ ಹಟ ಹಿಡಿದರು. ಮನೆಯಲ್ಲೇ ಇಟ್ಟಿದ್ದ ಹೋಟೆಲಿನ ಗ್ರೈಂಡರಿನಲ್ಲಿ ಯುಗಾದಿಗೆ ಮುಂಚಿನ ಹಿಟ್ಟು ಹಾಗೆಯೇ ಉಳಿದಿರಬೇಕೆಂಬ ಚಿಂತೆ ಅವರಿಗೆ. ನಾನೂ ಜೊತೆಗೆ ಕಲ್ಯಾಣದುರ್ಗಕ್ಕೆ ಹೋದೆ. ನಾವು ಹಿಂದೂಪುರದಿಂದ ಬಂದವರೆಂದು ತಿಳಿದು, ವಾರ್ಡಿನ ವಾಲಂಟೀರು ಹುಡುಗಿ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದಳು: ಈ ಮನೆಯವರು ಹೊರಗೆ ಬರುವಂತಿಲ್ಲ. ಅಂಟು ಸಾಲದೆ ಕಾಗದದ ಒಂದು ಮೂಲೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಬೀದಿಯವರು ನಮ್ಮ ಮನೆಯ ಮುಂದೆ ಬರುವಾಗ ಆಚೆ ಬದಿಗೆ ಸರಿದು ನಡೆಯುತ್ತಿದ್ದರು. ಹಾಲಿನವನು ಪ್ಯಾಕೆಟ್ಟನ್ನು ಕಾಂಪೌಂಡಿನ ಹೊರಗಿಂದ ಎಸೆಯುತ್ತಿದ್ದ.

ಬೆಂಗಳೂರಿನ ಆಸ್ಪತ್ರೆಗೆ ಹೋಗಿಬಂದವರು ಎಂಬ ಸುದ್ದಿ ಹರಡಿದ ಮೇಲೆ ನೀರಿನ ಟ್ಯಾಂಕರಿನ ಹತ್ತಿರಕ್ಕೂ ಬರಬೇಡಿ ಅಂದರು. ನಮ್ಮ ಕಡೆ ಕ್ಯಾನ್ಸರು ಎಂಬ ಮಾತನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಹಲ್ಲು ನೋವು ಅನ್ನಬೇಕೆಂದು ನನ್ನ ಗಂಡ ಹೇಳಿ ಕಳಿಸಿದ್ದರು. ವದಿನಮ್ಮ ಎರಡು ದಿನ ಹಾಗೆಯೇ ಹೇಳಿದರು. ಮೂರನೆಯ ದಿನ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತು, ಇಡೀ ಬೀದಿಗೆ ಕೇಳುವಂತೆ ಕೂಗಿದರು.

“ಕೇಳ್ರಪ್ಪಾ ಎಲ್ಲಾರೂ! ನಂಗಿರೋದು ಕೊರೋನಾ ಅಲ್ಲ, ಕ್ಯಾನ್ಸರು! ಯಾರಿಗೂ ಅಂಟಲ್ಲ. ನೀರು ಬುಡ್ರಿ!”

ಎದುರು ಮನೆಯಾಕೆ ಕಿಟಕಿ ತೆರೆದರು. ತೆಲುಗಿನವರು, ವದಿನಮ್ಮನ ಹೋಟೆಲಿಗೆ ವರ್ಷಗಟ್ಟಲೆ ಸೊಪ್ಪು ಕೊಟ್ಟವರು.

“ಅಂತೇನಾ ಅಕ್ಕಾ!” ಎಂದರು. ಅಷ್ಟೇನಾ ಅಕ್ಕ ಎಂದು. ದನಿಯಲ್ಲಿ ನಿಜವಾದ ಸಮಾಧಾನವಿತ್ತು. “ನಾವು ಏನೇನೋ ಅಂದ್ಕೊಂಡ್ವಲ್ಲ. ಮೊದ್ಲೇ ಹೇಳ್ಬಾರ್ದಾ? ಪಾಪ, ಎಷ್ಟ್ ದಿನ ಬಾಗ್ಲಾಕಿದ್ವಿ.”

“ಈಗ್ಲಾದ್ರೂ ತೆಗಿ. ಸೊಪ್ಪು ಕೊಡು,” ಎಂದರು ವದಿನಮ್ಮ.

ಅವತ್ತು ಸಂಜೆಗೆ ಎದುರು ಮನೆಯಿಂದ ಸೊಪ್ಪಿನ ಸಾರು ಬಂತು. ಟ್ಯಾಂಕರಿನ ನೀರೂ ಬಂತು. ಬೀದಿಯ ಹೆಂಗಸರು ಕಾಂಪೌಂಡಿಗೆ ಒರಗಿ ಮಾತಾಡಿಸಿದರು. ಕ್ಯಾನ್ಸರಾದರೂ ಪರವಾಗಿಲ್ಲ, ಅದಾಗಿದ್ದರೆ ಮುಖ ನೋಡಲೂ ಆಗುತ್ತಿರಲಿಲ್ಲ ಎಂದು ಒಬ್ಬರು ಅಂದರು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ವದಿನಮ್ಮ ಗ್ರೈಂಡರು ತೊಳೆಯುತ್ತ, ಹೂಂ ಅನ್ನುತ್ತಿದ್ದರು.

ತಾರೀಕಿಗೆ ಸರಿಯಾಗಿ ಬೆಂಗಳೂರಿಗೆ ಹೋದೆವು. ಸೇರಿಸಿಕೊಳ್ಳುವ ಮೊದಲು ಕೊರೋನಾ ಪರೀಕ್ಷೆಯ ನಿಯಮವಿತ್ತು. ಗಂಟಲಿಗೆ ಕಡ್ಡಿ ಹಾಕಲು ಬಾಯಿ ತೆರೆಯಲಾಗದೆ ಮೂಗಿನಿಂದಲೇ ತೆಗೆದುಕೊಂಡರು. ಮರುದಿನ ಪಾಸಿಟಿವ್ ಅಂದರು. ಜ್ವರವಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ. ಎಲ್ಲಿ ಹತ್ತಿತೋ ಯಾರಿಗೆ ಗೊತ್ತು. ಕಾಂಪೌಂಡಿಗೆ ಒರಗಿದವರಿಂದಲೋ, ಆಸ್ಪತ್ರೆಯ ಸಾಲಿನಲ್ಲೋ. ಗೇಟಿನಿಂದಲೇ ವಾಪಸು ಕಳಿಸಿದರು. ನಿಯಮ ತಪ್ಪೆಂದು ನಾನು ಹೇಳಲಾರೆ. ಒಳಗೆ ಮಲಗಿದ್ದವರೆಲ್ಲ ಕ್ಯಾನ್ಸರಿನವರೇ.

ಹಿಂದೂಪುರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅವರನ್ನು ಇರಿಸಿದೆವು. ದಿನಾ ಬೆಳಿಗ್ಗೆ ಆರೋಗ್ಯ ಇಲಾಖೆಯಿಂದ ಒಬ್ಬ ಹುಡುಗಿ ಫೋನು ಮಾಡುತ್ತಿದ್ದಳು. ಜ್ವರ ಇದೆಯಾ, ಕೆಮ್ಮು ಇದೆಯಾ, ವಾಸನೆ ಬರುತ್ತಾ, ಉಸಿರು ಸರಿಯಾಗಿದೆಯಾ. ಬಹಳ ಸೌಮ್ಯವಾಗಿ, ಒಂದನ್ನೂ ಬಿಡದೆ ಕೇಳುತ್ತಿದ್ದಳು. ಆ ಪ್ರಶ್ನೆಗಳಲ್ಲಿ ಬಾಯಿ ಇರಲಿಲ್ಲ.

“ಪಾಪ, ಒಳ್ಳೆ ಹುಡ್ಗಿ,” ಎಂದರು ವದಿನಮ್ಮ ಮೆಟ್ಟಿಲ ಮೇಲಿಂದ. “ನಂಗಿರೋದೊಂದು ಬುಟ್ಟು ಉಳಿದಿದ್ದೆಲ್ಲ ಕೇಳ್ತಾಳೆ.”

ಆ ದಿನಗಳಲ್ಲಿ ಕೆನ್ನೆ ಹೊರಗಿನಿಂದಲೂ ಕಾಣುವಷ್ಟು ಊದಿತು. ಮುದ್ದೆಯೂ ಇಳಿಯದೆ ಅಂಬಲಿ ಮಾಡಿ ಮೆಟ್ಟಿಲ ಮೇಲೆ ಇಡುತ್ತಿದ್ದೆ. ನಾನು ಕೆಳಗಿಳಿದು ಬಾಗಿಲು ಹಾಕಿಕೊಂಡ ಮೇಲೆ ಅವರು ಬಂದು ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಖಾಲಿ ಲೋಟದ ಪಕ್ಕದಲ್ಲಿ ಕಾಗದದಲ್ಲಿ ಸುತ್ತಿದ ಒಂದು ದವಡೆಹಲ್ಲು ಇತ್ತು. ಅಲ್ಲಾಡುತ್ತಿತ್ತು, ಕಿತ್ತುಬಿಟ್ಟೆ ಎಂದು ಮೇಲಿನಿಂದ ಹೇಳಿದರು. ನಾನು ಅದನ್ನು ಎಸೆಯಲಿಲ್ಲ. ಡಾಕ್ಟರಿಗೆ ಬೇಕಾದೀತೆಂದು ತೆಗೆದಿಟ್ಟೆ. ಅವರಿಗೆ ಬೇಕಾಗಲಿಲ್ಲ. ರೋಗ ಮೂಳೆಗೆ ಇಳಿದಿದೆ ಎಂದು ತಿಳಿಯಲು ಅಲ್ಲಾಡಿತು ಎಂಬ ಮಾತೇ ಸಾಕಾಯಿತು.

ಕೊರೋನಾ ಇಲ್ಲವೆಂಬ ಪರೀಕ್ಷೆಯ ಕಾಗದ ಬಂದ ಮೇಲೆ ಆಸ್ಪತ್ರೆಗೆ ಫೋನು ಮಾಡಿದೆವು. ಆಪರೇಷನ್ ಥಿಯೇಟರಿನ ಸಿಬ್ಬಂದಿಗೆ ಕೊರೋನಾ ಬಂದು ಥಿಯೇಟರು ಮುಚ್ಚಿದೆ ಅಂದರು. ತೆರೆದ ಮೇಲೆ ನಮಗಿಂತ ಮುಂಚೆ ನಿಂತವರ ಸಾಲಿತ್ತು. ಅವರೂ ನಮ್ಮ ಹಾಗೆಯೇ ಗೇಟಿನಿಂದ ವಾಪಸು ಹೋದವರು. ಕೊನೆಗೆ ಆಪರೇಷನ್ ಆದದ್ದು ದಸರಾ ಕಳೆದ ಮೇಲೆ. ಕೆನ್ನೆಯ ಜೊತೆಗೆ ಎಡಗಡೆಯ ಕೆಳದವಡೆಯ ಮೂಳೆಯನ್ನು ತೆಗೆದರು. ಎದೆಯಿಂದ ಮಾಂಸ, ಚರ್ಮ ತಂದು ಹೊಲಿದರು. ನಂತರ ಕರೆಂಟು, ಅಂದರೆ ರೇಡಿಯೇಷನ್, ಕೊಡಲು ದಿನಾ ಬರಬೇಕೆಂದಾಗ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ನಾವಿಬ್ಬರೂ ಉಳಿದೆವು. ಕೋಣೆಯಲ್ಲಿದ್ದ ಕನ್ನಡಿಯನ್ನು ನಾನು ತೆಗೆಯಲು ಹೋದಾಗ ಬೇಡ ಅಂತ ಕೈ ಮಾಡಿದರು. ಮುಖ ತೊಳೆದಾಗಲೆಲ್ಲ ಅದರ ಮುಂದೆ ನಿಂತು, ಹೊಸ ಚರ್ಮದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ವದಿನಮ್ಮ ಇದ್ದಾರೆ. ಕಲ್ಯಾಣದುರ್ಗದಲ್ಲೇ ಇದ್ದಾರೆ. ಹೋಟೆಲನ್ನು ಎದುರು ಮನೆಯಾಕೆ ನಡೆಸುತ್ತಾರೆ, ಇವರು ಒಲೆಯ ಹತ್ತಿರ ಕೂತು ಹಿಟ್ಟಿನ ಹದ ನೋಡುತ್ತಾರೆ. ಮಾತು ಇದೆ, ಆದರೆ ತುಟಿ ಕೂಡಬೇಕಾದ ಅಕ್ಷರಗಳು ಕೂಡುವುದಿಲ್ಲ. ಕೇಳಿ ಅಭ್ಯಾಸವಿರುವ ನನಗೆ, ನನ್ನ ಗಂಡನಿಗೆ, ಎದುರು ಮನೆಯಾಕೆಗೆ ಅರ್ಥವಾಗುತ್ತದೆ. ಬೇರೆಯವರು ಎರಡನೆಯ ಸಲ ಕೇಳುತ್ತಾರೆ. ಆಗ ವದಿನಮ್ಮ ಮಾತು ಬಿಟ್ಟು ಹಿಟ್ಟಿಗೆ ಕೈ ಹಾಕುತ್ತಾರೆ.

ಮೊನ್ನೆ ತಪಾಸಣೆಗೆ ಬೆಂಗಳೂರಿಗೆ ಹೋಗಿದ್ದೆವು. ಅದೇ ಎತ್ತರದ ಡಾಕ್ಟರು. ಈಗ ಅವರ ಇಡೀ ಮುಖ ಕಾಣುತ್ತದೆ, ನಾವು ಅಂದುಕೊಂಡಿದ್ದಕ್ಕಿಂತ ಚಿಕ್ಕ ವಯಸ್ಸಿನವರು. ಎಲ್ಲ ಸರಿಯಾಗಿದೆ, ಎಲ್ಲೂ ಗಂಟಿಲ್ಲ ಅಂದರು. ಎದ್ದು ಹೊರಡುವ ಹೊತ್ತಿಗೆ ವದಿನಮ್ಮ ಕುರ್ಚಿಯ ಕೈ ಹಿಡಿದುಕೊಂಡು ಏನೋ ಕೇಳಿದರು. ಡಾಕ್ಟರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದರು. ಅವರು ಕೇಳಿದ್ದನ್ನು ನಾನು ಒಂದು ಮಾತೂ ಬದಲಿಸದೆ ಹೇಳಿದೆ.

“ಗೇಟ್‌ನಿಂದ ವಾಪಸ್ ಕಳಿಸಿದ್ರಲ್ಲ, ಆ ತಾರೀಕಿಗೇ ಕೊಯ್ದಿದ್ರೆ ನನ್ನ ದವಡೆ ಉಳೀತಿತ್ತಾ ಅಂತ ಕೇಳ್ತಿದ್ದಾರೆ.”

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿದರು. ಹಳೆಯ ಸ್ಕ್ಯಾನನ್ನು ತೆರೆದು, ಅದರ ಪಕ್ಕದಲ್ಲಿ ಇನ್ನೊಂದನ್ನು ತೆರೆದರು. ಎರಡನ್ನೂ ಸ್ವಲ್ಪ ಹೊತ್ತು ನೋಡಿದರು. ಹೊರಗೆ ನರ್ಸು ಮುಂದಿನ ಹೆಸರು ಕೂಗಿದರು.

“ಉಳೀತಿತ್ತಮ್ಮ,” ಎಂದರು, ನನಗಲ್ಲ, ವದಿನಮ್ಮನಿಗೇ.

ವದಿನಮ್ಮ ತಲೆ ಆಡಿಸಿದರು. “ಸರಿ ಬುಡಪ್ಪ. ಇಷ್ಟು ದಿನ ಯಾರೂ ಹೇಳಿರ್ಲಿಲ್ಲ.”

ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಡಾಕ್ಟರು ಎದ್ದು ನಿಂತು ಅವರಿಗಾಗಿ ಬಾಗಿಲು ತೆರೆದು ಹಿಡಿದರು.